ಒಂದೇ ಡಬ್ಬಿಗೆ ಸುರಿದ ಕಾಡತೂಸು

ಉಸ್ತಾದರಿಗೆ,

ಶರಣು ಶರಣಾರ್ಥಿ. ನಾನು ಶಿವಲೀಲಾ, ಉಮರಗಾದ ಕಿರಾಣಿ ಅಂಗಡಿಯವರ ಮಗಳು. ಮೊದಲು ಹೆಸರು ಹೇಳಬೇಕು, ಆಮೇಲೆ ಮಾತು ಎಂದು ನೀವೇ ಕಲಿಸಿದ್ದಲ್ಲವೇ? ನೀವು ಲಿಂಗೈಕ್ಯರಾಗಿ ಮೂರು ವರ್ಷವಾಯಿತು. ಈ ಕಾಗದವನ್ನು ಇಪ್ಪತ್ತು ವರ್ಷ ಮೊದಲೇ ಬರೆಯಬೇಕಿತ್ತು. ಕಾಗದವೂ ಬೇಕಿರಲಿಲ್ಲ, ಉದಗೀರದಿಂದ ನಿಮ್ಮೂರಾದ ದೇವಣಿಯ ಬಸ್ಸು ಹತ್ತಿ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಂದೆ, ಆದರೆ ಹೇಳಲಿಲ್ಲ. ಊರೆಲ್ಲ ಸುತ್ತಿ ಮನೆಗೆ ಬರುವಂತೆ ಮಾತಾಡುವುದು ನನ್ನ ಚಾಳಿ, ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಯ್ಕೆಯ ಸ್ಪರ್ಧೆಯ ದಿನ ನಿಮ್ಮ ಕಣ್ಣು ತಪ್ಪಿರಲಿಲ್ಲ. ನನ್ನ ಉಸಿರೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಕೈ. ಅದು ನನಗೆ ಎಂಟೇ ದಿನದಲ್ಲಿ ಗೊತ್ತಾಯಿತು. ನಿಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಮೊದಲ ದಿನ ನೀವು ನಮ್ಮ ಕೈಗೆ ರೈಫಲ್ ಕೊಡಲೇ ಇಲ್ಲ, ನೆನಪಿದೆಯೇ? ನಮ್ಮ ಕಡೆಯ ಊರಿಗೆ ಊರನ್ನೇ ಕೆಡವಿದ ಭೂಕಂಪವಾಗಿ ನಾಲ್ಕು ವರ್ಷ ಕಳೆದಿತ್ತು. ನಾನು ಉದಗೀರದ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದೆ. ಮಂಚ ಬಿಟ್ಟು ಬಾಗಿಲ ಹತ್ತಿರ ನೆಲದ ಮೇಲೆ ಹಾಸಿಕೊಳ್ಳುವ ಹುಡುಗಿಯರು ಆಗಲೂ ಇದ್ದರು. ಕಾಲೇಜಿನ ಕೆಡೆಟ್ ತುಕಡಿಗೆ ಹೆಸರು ಕೊಟ್ಟ ನಾವು ಹತ್ತು ಹುಡುಗಿಯರು ಇಸ್ತ್ರಿ ಮಾಡಿದ ಖಾಕಿ ತೊಟ್ಟು ನಿಂತರೆ, ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ನೀವು ನಮ್ಮನ್ನು ಗುರಿಹಲಗೆಗೆ ಬೆನ್ನು ಮಾಡಿ ಕೂರಿಸಿದಿರಿ. "ನೋಡಬ್ಯಾಡ್ರಿ, ಬರೇ ಕೇಳ್ರಿ" ಅಂದಿರಿ. ಪಾಯಿಂಟ್ ಟೂಟೂ ರೈಫಲಿನಿಂದ ಎರಡು ಗುಂಡು ಹಾರಿಸಿದಿರಿ. ಮೊದಲನೆಯದು ಛಟ್ ಎಂದಿತು. ಎರಡನೆಯದು ಚಪ್ಪಲಿ ನೆಲಕ್ಕೆ ಬಿದ್ದಂತೆ ಟಪ್ ಎಂದು ಸುಮ್ಮನಾಯಿತು.

"ಬಾರಕೋಲಿನ ತುದಿ ಯಾಕ ಛಟ್ ಅಂತದ, ಗೊತ್ತದೇನು?" ಎಂದು ಕೇಳಿದಿರಿ. ನಮಗೇನು ಗೊತ್ತು? "ಅದು ಶಬ್ದಕ್ಕಿಂತ ಜೋರ ಓಡ್ತದ, ಅದಕ್ಕ. ಮೊದಲಿನ ಗುಂಡೂ ಹಂಗೇ. ಆದ್ರ ದೂರ ಹೋದಂಗೆಲ್ಲ ಅದಕ್ಕ ದಮ್ಮ ಹತ್ತತದ, ಶಬ್ದಕ್ಕಿಂತ ಹಿಂದ ಬೀಳ್ತದ. ಹಿಂದ ಬೀಳೋ ಮುಂದ ಒಂದು ಧಕ್ಕಾ ತಿಂತದ. ಆ ಧಕ್ಕಾದಾಗ ಗುಂಡು ಅಲ್ಲಾಡ್ತದ, ಗುರಿ ಕೆಡ್ತದ. ಎರಡನೇದು ಮೊದಲಿಂದನೂ ಶಬ್ದದ ಹಿಂದೇ ಇರ್ತದ. ಅದಕ್ಕ ಧಕ್ಕಾನೇ ಇಲ್ಲ." ನಾನು ಅಂಗಡಿಯವರ ಮಗಳಲ್ಲವೇ, ಬಾಯಿ ಸುಮ್ಮನಿರಲಿಲ್ಲ. "ಹಂಗಾದ್ರ ಜೋರಿಂದು ಚಲೋ ಮಾಲ್ ಅಲ್ಲೇನ್ರಿ ಉಸ್ತಾದ್?" ಎಂದೆ. ನೀವು ನಕ್ಕಿರಿ. ನೀವು ನಕ್ಕದ್ದನ್ನು ಆ ತುಕಡಿಯಲ್ಲಿ ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲವಂತೆ. "ಚಲೋ ಅಂದ್ರ ಜೋರ ಅಲ್ಲವ್ವಾ. ಚಲೋ ಅಂದ್ರ ಪ್ರತಿ ಸಲ ಅಷ್ಟೇ."

ನೂರು ಮೀಟರಿನ ಮೊದಲ ಪಾಠ ಉದಗೀರದ ಹೊರಗೆ ಗುಂಡು ಹಾರಿಸುವ ಬಯಲಿನಲ್ಲಿ, ಚಾಂದಮಾರಿಯಲ್ಲಿ, ಆಯಿತು. ಕಾಲೇಜಿನ ಹಿಂದೆ ನಾವು ದಿನಾ ಗುರಿ ಹೊಡೆಯುತ್ತಿದ್ದ ಜಾಗ ಇಪ್ಪತ್ತೈದೇ ಮೀಟರ್. ಅಲ್ಲಿ ನಾನು ರಾಣಿ. ಚಾಂದಮಾರಿಯ ಮಣ್ಣಿನ ದಿಬ್ಬದ ಮುಂದೆ, ನೂರು ಮೀಟರಿನಲ್ಲಿ, ನನ್ನ ಐದು ಗುಂಡು ಹಲಗೆಗೇ ತಾಗಲಿಲ್ಲ! ಕೆಳಗೆ ಮಣ್ಣಿನಲ್ಲಿ ಧೂಳೆದ್ದದ್ದು ನೋಡಿ ಅಳು ಬಂತು. ನೀವು ಹಿಂದಿನ ಸೈಟಿನ ತಿರುಪು ತಿರುಗಿಸುತ್ತ, ನಿಧಾನದ ಗುಂಡು ಅಷ್ಟು ದೂರ ಹೋಗುವಷ್ಟರಲ್ಲಿ ನಳಿಕೆಯ ನೇರದಿಂದ ಒಂದು ಮೊಳಕ್ಕೂ ಹೆಚ್ಚು ಕೆಳಗಿಳಿಯುತ್ತದೆ ಎಂದು ತಿಳಿಸಿ ಹೇಳಿದಿರಿ. "ಇಳೀಲಿ ಬಿಡು. ಮೊಳ ಇಳಿದ್ರ ಮೊಳ ಎತ್ತಿ ಹೊಡದ್ರ ಆಯ್ತು. ಒಂದು ಗುಂಡು ಮೊಳ ಇಳಿದು, ಮತ್ತೊಂದು ಗುಂಡು ಮೊಳದ ಮ್ಯಾಲ ಮೂರು ಬೆರಳು ಇಳಿದ್ರ ಮಾತ್ರ ಸತ್ತಂಗ." ಗಾಳಿಯ ವಿಷಯಕ್ಕೂ ನಿಮ್ಮೊಡನೆ ವಾದ ಮಾಡಿದ್ದೆ. ನಿಧಾನ ಹೋಗುವುದನ್ನು ಗಾಳಿ ಹೆಚ್ಚು ನೂಕಬೇಕಲ್ಲ, ಹೆಚ್ಚು ಹೊತ್ತು ಗಾಳಿಯಲ್ಲಿ ಇರುತ್ತದಲ್ಲ ಎಂದು. ನೀವು ಪಕ್ಕದ ಜೋಳದ ಹೊಲದ ಗರಿ ನೋಡುತ್ತ ಹೇಳಿದಿರಿ: "ಎಷ್ಟು ಹೊತ್ತು ಇರ್ತದ ಅನ್ನೋದಲ್ಲ. ದಾರಿಯಾಗ ತನ್ನ ಓಟ ಎಷ್ಟು ಕಳಕೊಂತದ ಅನ್ನೋದು. ಜೋರಿಂದು ಬಹಳ ಕಳಕೊಂತದ, ಅದಕ್ಕ ಗಾಳಿ ಕೈಯಾಗ ಸಿಗ್ತದ." ಆಗ ಅರ್ಥವಾಗಲಿಲ್ಲ, ಆಗಿದೆ ಎಂದು ತಲೆಯಾಡಿಸಿದೆ. ಈಗ ನಿಲಂಗಾದ ಕಾಲೇಜಿನಲ್ಲಿ ನನ್ನ ಕೆಡೆಟ್ ಹುಡುಗಿಯರು ತಲೆಯಾಡಿಸುವುದು ನೋಡಿದರೆ ಗುರುತು ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು, ನಾನು ಗೋಣಿತಟ್ಟಿನ ಮೇಲೆ ಬೋರಲು ಮಲಗಿ ಗುರಿ ಹಿಡಿದಾಗ ನೀವು ಪಕ್ಕದಲ್ಲಿ ಮಲಗಿ ನನ್ನ ಬೆನ್ನು ನೋಡುತ್ತಿದ್ದದ್ದು. ಎಲ್ಲ ಉಸ್ತಾದರೂ ದುರ್ಬೀನಿನಲ್ಲಿ ಗುರಿಹಲಗೆ ನೋಡುತ್ತಾರೆ. ನೀವು ಉಸಿರು ನೋಡುತ್ತಿದ್ದಿರಿ. ಬೆರಳಿನ ತಪ್ಪು ಅಡ್ಡಕ್ಕೆ ಕಾಣಿಸುತ್ತದೆ, ಉಸಿರಿನ ತಪ್ಪು ಮೇಲೆ ಕೆಳಗೆ ಕಾಣಿಸುತ್ತದೆ ಎಂಬುದು ನಿಮ್ಮ ಲೆಕ್ಕ. ಒಮ್ಮೆ ನಾನು ಮೂರನೆಯ ಗುಂಡು ಬಿಟ್ಟ ಕೂಡಲೇ "ಇದು ಕೆಳಗ ಹೋಗ್ಯದ" ಅಂದಿರಿ. ಇನ್ನೂ ಯಾರೂ ದುರ್ಬೀನು ಮುಟ್ಟಿರಲಿಲ್ಲ. ಹೋಗಿ ನೋಡಿದರೆ ಹೌದು, ಎರಡು ಬೆರಳು ಕೆಳಗೆ. ಹಾಸ್ಟೆಲಿನಲ್ಲಿ ಅದನ್ನು ಎಷ್ಟು ಸಲ ಹೇಳಿದೆನೋ! ನಮ್ಮ ಉಸ್ತಾದರಿಗೆ ಗುರಿಹಲಗೆಯೇ ಬೇಡ, ಬೆನ್ನು ಸಾಕು ಎಂದು. ನಿಮಗೆ ಅದರ ಹೆಮ್ಮೆ ಇತ್ತು, ತೋರಿಸುತ್ತಿರಲಿಲ್ಲ ಅಷ್ಟೆ.

ರಾಜ್ಯ ತಂಡದ ಆಯ್ಕೆಯ ಸ್ಪರ್ಧೆಗೆ ಹದಿನೈದು ದಿನ ಮೊದಲು ನೀವು ಎರಡು ಡಬ್ಬಿ ಕಾಡತೂಸು ತಂದಿರಿ. ಒಂದೇ ಕಂಪನಿಯವು, ಒಂದೇ ಬಣ್ಣದವು, ಎರಡೂ ನಿಧಾನದವೇ. ಮಡಚುವ ಮುಚ್ಚಳದ ಒಳಗೆ ಸಣ್ಣಕ್ಷರದ ಬ್ಯಾಚ್ ನಂಬರ್ ಮಾತ್ರ ಬೇರೆ. ಚಾಂದಮಾರಿಯಲ್ಲಿ ಎರಡರಿಂದಲೂ ಹೊಡೆದು ನೋಡಿ, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು, ಒಂದನ್ನು ಎತ್ತಿ ತೋರಿಸಿದಿರಿ. "ಸ್ಪರ್ಧಾಕ್ಕ ಇದು." ಇನ್ನೊಂದು ಯಾಕಲ್ಲ ಎಂದು ನಾನು ಕೇಳಲಿಲ್ಲ. ನಾನು ಕೇಳದೆ ಬಿಟ್ಟ ಪ್ರಶ್ನೆ ಜೀವಮಾನದಲ್ಲಿ ಅದೊಂದೇ ಇರಬೇಕು. ಎರಡೂ ಡಬ್ಬಿ ಅರ್ಧರ್ಧ ಉಳಿದಿದ್ದವು. ಕಾಲೇಜಿನ ಹಿಂದೆ ಇಪ್ಪತ್ತೈದು ಮೀಟರಿನಲ್ಲಿ ನಾನು ಎರಡರಿಂದಲೂ ಹೊಡೆದಿದ್ದೆ. ಅಷ್ಟು ಹತ್ತಿರದಲ್ಲಿ ಎಲ್ಲವೂ ಒಂದೇ ತೂತಿಗೆ ಹೋಗುತ್ತಿದ್ದವು.

ಈಗ ಆ ಬೆಳಗು. ನಮ್ಮ ಅಂಗಡಿಯನ್ನು ನೀವು ನೋಡಿದ್ದೀರಿ, ಉಸ್ತಾದ್. ಉಮರಗಾಕ್ಕೆ ಬಂದಾಗ ಅಪ್ಪ ನಿಮ್ಮನ್ನು ಗಾದಿಯ ಮೇಲೆ ಕೂರಿಸಿ ಚಹಾ ಕೊಟ್ಟಿದ್ದರು. ಆ ಅಂಗಡಿಯಲ್ಲಿ ಅಪ್ಪ ಯಾವ ತಪ್ಪನ್ನಾದರೂ ಕ್ಷಮಿಸುತ್ತಿದ್ದರು, ಎರಡು ಅರ್ಧ ಡಬ್ಬಿ ಕಂಡರೆ ಮಾತ್ರ ಇಲ್ಲ. "ಒಂದೇ ಮಾಲಿಂದು ಎರಡು ಅರ್ಧಾ ಡಬ್ಬಿ ಇಟ್ಟವರ ಅಂಗಡಿಗಿ ಗಿರಾಕಿ ಬರೂದಿಲ್ಲ. ಸುರಿ, ಒಂದು ತುಂಬು, ಖಾಲಿ ಆದದ್ದು ತಗದಿಡು." ಏಳು ವರ್ಷದವಳಿದ್ದಾಗಿನಿಂದ ನನ್ನ ಕೈಗೆ ಅದೇ ಅಭ್ಯಾಸ. ಸಾಸಿವೆಯೋ ಜೀರಿಗೆಯೋ, ಅರ್ಧ ಡಬ್ಬಿ ಕಂಡರೆ ಕೈ ತಾನೇ ಹೋಗುತ್ತದೆ. ಸ್ಪರ್ಧೆಯ ಬೆಳಿಗ್ಗೆ ಸಾಮಾನು ಕಟ್ಟುವ ಕೆಲಸ ನೀವು ನನಗೆ ವಹಿಸಿದ್ದಿರಿ. ಕಪಾಟಿನಲ್ಲಿ ಎರಡು ಅರ್ಧ ಡಬ್ಬಿ ಅಕ್ಕಪಕ್ಕ ಕೂತಿದ್ದವು. ಆಯ್ಕೆಯ ಸ್ಪರ್ಧೆಗೆ ಬೇರೆ ಕಾಲೇಜಿನವರ ಮುಂದೆ ಅರ್ಧ ಡಬ್ಬಿ ಒಯ್ಯುವುದೇ ಎಂದು... ಸುರಿದೆ. ನೀವು ತೋರಿಸಿದ ಡಬ್ಬಿಗೇ ಇನ್ನೊಂದರ ಕಾಡತೂಸು ಸೇರಿಸಿ ಒಪ್ಪವಾಗಿ ತುಂಬಿಸಿದೆ. ಖಾಲಿಯಾದದ್ದನ್ನು ನನ್ನ ಚೀಲದಲ್ಲಿ ಇಟ್ಟುಕೊಂಡೆ, ನಮ್ಮ ಮನೆಯಲ್ಲಿ ಗಟ್ಟಿ ಕಾಗದದ ಡಬ್ಬಿ ಯಾರೂ ಎಸೆಯುವುದಿಲ್ಲ. ಎಂಥ ಸಮಾಧಾನ ನನಗೆ, ಏನೋ ದೊಡ್ಡ ಕೆಲಸ ಮಾಡಿದಂತೆ!

ಸ್ಪರ್ಧೆ ನೂರು ಮೀಟರಿನದು. ನಾನು ಅಷ್ಟು ಚೆನ್ನಾಗಿ ಎಂದೂ ಮಲಗಿರಲಿಲ್ಲ. ಗಾಳಿ ಇರಲಿಲ್ಲ. ನೀವು ಪಕ್ಕದಲ್ಲಿ. ಪ್ರತಿ ಗುಂಡಿಗೂ ಮೆತ್ತಗೆ "ಬರೋಬರ್" ಅಂದಿರಿ, ಉಸಿರು ಸರಿಯಿದೆ ಎಂದು. ಇಪ್ಪತ್ತು ಸಲವೂ ಬರೋಬರ್. ಗುರಿಹಲಗೆಯ ಕಾಗದ ತಂದು ಮೇಜಿನ ಮೇಲೆ ಹರಡಿದಾಗ ನಿಮ್ಮ ಮುಖ ನೋಡಲು ಆಗಲಿಲ್ಲ. ಅಡ್ಡಕ್ಕೆ ಒಂದು ಬೆರಳಿನಷ್ಟೂ ಚದುರಿಲ್ಲ, ಆದರೆ ಮೇಲಿಂದ ಕೆಳಗೆ ಏಣಿ ಹಾಕಿದಂತೆ ತೂತುಗಳು. ನೀವು ಮೊದಲು ಡಬ್ಬಿ ಕೇಳಿದಿರಿ. ಮುಚ್ಚಳದೊಳಗಿನ ನಂಬರ್ ಓದಿದಿರಿ, ನೋಟ್‌ಬುಕ್ ತೆಗೆದು ಹೋಲಿಸಿದಿರಿ. ಅದೇ ನಂಬರ್. "ಬೇರೆ ಡಬ್ಬಿದು ಹೊಡದಿ ಏನು?" ಎಂದು ನನ್ನನ್ನು ಕೇಳಿದಿರಿ. "ಇಲ್ರಿ, ಇದೇ ಡಬ್ಬಿದು" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ನಂಬಿ. ನನ್ನ ಪಾಲಿಗೆ ಅದು ಒಂದೇ ಮಾಲು. ಒಂದು ಬ್ಯಾಚಿನ ಕಾಡತೂಸನ್ನು ಇನ್ನೊಂದಕ್ಕೆ ಸುರಿಯುವವರು ಲೋಕದಲ್ಲಿ ಇದ್ದಾರೆಂದು ನಿಮಗಾದರೂ ಹೇಗೆ ಹೊಳೆಯಬೇಕು? ಆಮೇಲೆ ರೈಫಲ್ ಬಿಚ್ಚಿ ತಿರುಪು ನೋಡಿದಿರಿ. ಎಲ್ಲ ಬಿಗಿ. ಉಳಿದದ್ದು ಒಂದೇ, ಉಸಿರು.

ಆಯ್ಕೆ ಮಾಡಲು ಬಂದ ಅಧಿಕಾರಿ ನನ್ನ ಹೆಸರಿನ ಮುಂದೆ ಗೀಟು ಹಾಕುವಾಗ ನೀವು ತಡೆದಿರಿ. ಎಲ್ಲರ ಮುಂದೆ, ಎದ್ದು ನಿಂತು. "ಸಾಹೇಬ್ರ, ಹುಡುಗಿ ತಪ್ಪಲ್ಲ. ಉಸಿರು ತಪ್ಪಿದಾಗ ಹೇಳೋದು ನನ್ನ ಕೆಲಸ. ನಾ ಪಕ್ಕದಾಗೇ ಇದ್ದೆ, ನಂಗ ಕಾಣಲಿಲ್ಲ. ಆಕಿಗಿ ಮತ್ತೊಂದು ಸಲ ನೋಡ್ರಿ, ಬೇರೆ ಉಸ್ತಾದ ಕೊಟ್ಟು ನೋಡ್ರಿ." ಹಿಂದೆ ಯಾರೋ ಮರಾಠಿಯಲ್ಲಿ, ಮಾಸ್ತರರಿಗೆ ವಯಸ್ಸಾಯಿತು ಎಂದದ್ದು ನನಗೆ ಕೇಳಿಸಿತು. ನಿಮಗೂ ಕೇಳಿಸಿರಬೇಕು. ನೀವು ಆ ದಿನ ತಿರುಗಿ ಬರುವಾಗ ಮೋಟರ್‌ಸೈಕಲ್ ಜೊತೆಗಿದ್ದ ಗೆಳೆಯರೊಬ್ಬರ ಕೈಗೆ ಕೊಟ್ಟು, ನಿಮ್ಮ ಕಣ್ಣನ್ನು ನೀವೇ ನಂಬದವರಂತೆ ಹಿಂದೆ ಕೂತಿರಿ.

ಎಂಟು ದಿನದ ಮೇಲೆ ತಲೆಪಿನ್ನು ಇಡಲು ಆ ಖಾಲಿ ಡಬ್ಬಿ ತೆಗೆದೆ. ಮುಚ್ಚಳದೊಳಗೆ ಬೇರೆ ನಂಬರ್. ನಿಮ್ಮ ನೋಟ್‌ಬುಕ್ ನನ್ನ ಹತ್ತಿರವೇ ಇತ್ತು, ಸ್ಪರ್ಧೆಯ ದಿನ ಅದನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದಿರಿ. ತೆಗೆದು ನೋಡಿದೆ. ಎರಡು ನಂಬರ್, ಎರಡು ಸಾಲು. ಒಂದರ ಪಕ್ಕದಲ್ಲಿ "ಸಮ" ಎಂದು ಬರೆದಿದ್ದಿರಿ. ಇನ್ನೊಂದರ ಪಕ್ಕದಲ್ಲಿ "ಕಡಿಮೆ ಓಟ, ಮೂರು ಬೆರಳು ಕೆಳಗೆ, ಒಂದೇ ಸಮ ಇಲ್ಲ." ನೀವು ಬೇಡವೆಂದದ್ದನ್ನೇ ನಾನು ಸುರಿದಿದ್ದೆ. ಆಗಲೇ ಬರಬೇಕಿತ್ತು, ಅಲ್ಲವೇ? ಆದರೆ ನಿಮ್ಮ ಮಾತಿನ ಮೇಲೆ ನನಗೆ ಕೊಟ್ಟ ಎರಡನೆಯ ಪರೀಕ್ಷೆ ಮರುವಾರ ಇತ್ತು. ಕಾಡತೂಸಿನ ಕಪಾಟಿನಲ್ಲಿ ಕೈಯಾಡಿಸಿದಳು ಎಂದು ಗೊತ್ತಾದರೆ ತುಕಡಿಯಿಂದಲೇ ಹೊರಗೆ. ನನಗೆ ರಾಜ್ಯ ತಂಡದ ಬ್ಲೇಜರ್ ಬೇಕಿತ್ತು, ಉಸ್ತಾದ್. ಭಯವೂ ಇತ್ತು, ಆದರೆ ಹೆಚ್ಚು ಇದ್ದದ್ದು ಆ ಬ್ಲೇಜರಿನ ಆಸೆ. ಎರಡನೆಯ ಪರೀಕ್ಷೆಗೆ ಬಿಚ್ಚದ ಹೊಸ ಡಬ್ಬಿ ಕೊಟ್ಟರು. ಚೆನ್ನಾಗಿ ಹೊಡೆದೆ. ಆಯ್ಕೆಯಾದೆ.

ಪೇಢಾ ತೆಗೆದುಕೊಂಡು ದೇವಣಿಗೆ ಬಂದದ್ದು ಹೇಳಲಿಕ್ಕೇ. ನೀವು ಹೊಲದಲ್ಲಿ ಎತ್ತು ಕಟ್ಟುತ್ತಿದ್ದಿರಿ. ಸ್ಪರ್ಧೆಯ ದಿನದಿಂದಲೇ ಉದಗೀರಕ್ಕೆ ಕಲಿಸಲು ಬರುವುದು ಬಿಟ್ಟಾಗಿತ್ತು. ಸುದ್ದಿ ಕೇಳಿ ನನ್ನ ತಲೆಯ ಮೇಲೆ ಕೈಯಿಟ್ಟಿರಿ. "ನೋಡವ್ವಾ, ನಾ ಪಕ್ಕದಾಗ ಇಲ್ಲಂದ್ರ ನೀ ಚಂದ ಹೊಡೀತಿ" ಅಂದಿರಿ. ಕೊಂಕು ಇರಲಿಲ್ಲ ಅದರಲ್ಲಿ, ನಿಮಗೆ ನಿಜವಾಗಿ ಸಂತೋಷವಾಗಿತ್ತು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ನೀವು ಭೂಕಂಪಕ್ಕೆ ಬಿದ್ದ ಸಾಸ್ತೂರದ ಮಾತು ತೆಗೆದಿರಿ. ಅದಕ್ಕೂ ಮೊದಲು ನೀವು ಅದನ್ನು ನಮ್ಮ ಯಾರ ಮುಂದೆಯೂ ಎತ್ತಿರಲಿಲ್ಲ.

ಭೂಕಂಪವಾದಾಗ ನೀವು ರಜೆಗೆ ಊರಿಗೆ ಬಂದಿದ್ದಿರಂತೆ. ಎರಡನೆಯ ದಿನ ಊರಿನ ಹತ್ತು ಜನರನ್ನು ಕಟ್ಟಿಕೊಂಡು ಸಾಸ್ತೂರಕ್ಕೆ ಹೋದಿರಿ. ಎಲ್ಲರನ್ನೂ ಸುಮ್ಮನಿರಿಸಿ, ಬಿದ್ದ ಮನೆಯ ಮೇಲೆ ಬೋರಲು ಮಲಗಿ, ಕಲ್ಲಿನ ಸಂದಿಯಲ್ಲಿ ಹತ್ತಿಯ ಎಳೆ ಹಿಡಿದು ಕಾಯುವುದು ನಿಮ್ಮ ಕೆಲಸ. ಒಳಗೆ ಉಸಿರಿದ್ದರೆ ಎಳೆ ಅಲುಗುತ್ತದೆ. ಎರಡು ಕಡೆ ಅಲುಗಿತು, ಎರಡು ಜೀವ ಹೊರಗೆ ಬಂದವು. ಮೂರನೆಯದು ಎಣ್ಣೆ ಗಾಣದ ಹಿಂದಿನ ಮನೆ. "ಅರ್ಧಾ ತಾಸು ಮಕ್ಕೊಂಡಿದ್ದೆ. ಅಲಗಲಿಲ್ಲ. ಇಲ್ಲಿ ಯಾರೂ ಇಲ್ಲ, ನಡೀರಿ ಅಂತ ನಾನೇ ಹೇಳ್ದೆ" ಅಂದಿರಿ. ಆಮೇಲೆ ಎತ್ತಿನ ಬೆನ್ನು ಸವರುತ್ತ, "ಈಗ ನಿನ್ನ ಉಸಿರು ಇಪ್ಪತ್ತು ಸಲ ತಪ್ಪಿದ್ದು ನಂಗ ಕಾಣಲಿಲ್ಲ ನೋಡು. ಹಾಡಾಹಗಲು, ಪಕ್ಕದಾಗ ಮಕ್ಕೊಂಡು. ಹಂಗಿದ್ರ ಅವತ್ತು ಆ ಮನಿಯಾಗ..." ಎಂದು ನಿಲ್ಲಿಸಿದಿರಿ. ಆಗ ಕಾಕೂ ಚಹಾ ತಂದರು. ನಿಮ್ಮ ಹೆಂಡತಿಯನ್ನು ನಾನು ಕಾಕೂ ಎಂದು ಕರೆದದ್ದು ಅಂದೇ ಮೊದಲು. ನಾನು ಚಹಾ ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಒಂದೇ ಮಾತು. ಡಬ್ಬಿಯಲ್ಲಿ ಎರಡು ಬ್ಯಾಚ್ ಸೇರಿದ್ದವು ಎಂದಿದ್ದರೆ ನೀವು ನನ್ನನ್ನು ಬೈದು, ಕಿವಿ ಹಿಂಡಿ, ಮರುದಿನ ಉದಗೀರಕ್ಕೆ ಬರುತ್ತಿದ್ದಿರಿ. ಹೇಳದ ಮಾತು ಒಂದು ತಿಂಗಳಿಗೆ ಸಣ್ಣದಿತ್ತು, ಒಂದು ವರ್ಷಕ್ಕೆ ದೊಡ್ಡದಾಯಿತು, ಆಮೇಲೆ ಅದನ್ನು ಎತ್ತುವ ಶಕ್ತಿಯೇ ನನಗಿರಲಿಲ್ಲ. ಮದುವೆಮುಂಜಿಗಳಲ್ಲಿ ಸಿಕ್ಕಿದಿರಿ. ಪ್ರತಿ ಸಲ ನಮ್ಮ ಹುಡುಗಿಯರ ಗುರಿ ಹೇಗಿದೆ ಎಂದು ಕೇಳಿದಿರಿ. ನಾನು ನಿಲಂಗಾದಲ್ಲಿ ಕೆಡೆಟ್‌ಗಳಿಗೆ ಕಲಿಸುತ್ತೇನೆಂದಾಗ, ಒಮ್ಮೆ ಬಂದು ನೋಡಿರಿ ಎಂದೆ. "ನಾ ಬಂದು ಏನ ನೋಡ್ಲವ್ವಾ?" ಅಂದಿರಿ. ಕಾಕೂ ಹೇಳಿದ್ದು ಇದು: ಆಕಳು ಕರು ಹಾಕಿದಾಗಲೆಲ್ಲ, ಎಷ್ಟೋ ಕರು ಕಂಡ ನೀವು, ಅವರನ್ನು ಕರೆದು "ಉಸಿರಾಡ್ತದೇನು, ನೀ ನೋಡು" ಎನ್ನುತ್ತಿದ್ದಿರಂತೆ. ಕರು ಎದ್ದು ನಿಂತಿದ್ದರೂ ಕೂಡ.

ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿಗೆ ಎರಡು ಬ್ಯಾಚಿನ ಕಾಡತೂಸು ಒಟ್ಟಿಗೆ ಬಂದವು. ಹುಡುಗಿಯರನ್ನು ಚಾಂದಮಾರಿಗೆ ಕರೆದೊಯ್ದು, ಎರಡನ್ನೂ ಬೇಕೆಂದೇ ಬೆರೆಸಿ ಒಬ್ಬಳ ಕೈಗೆ ಕೊಟ್ಟೆ. ನಾನು ಪಕ್ಕದಲ್ಲಿ ಮಲಗಿ ಅವಳ ಬೆನ್ನು ನೋಡಿದೆ. ಇಪ್ಪತ್ತಕ್ಕೆ ಇಪ್ಪತ್ತು ಬರೋಬರ್. ಕಾಗದ ತಂದರೆ ಏಣಿ. ಹುಡುಗಿ ಅಳುಮೋರೆ ಹಾಕಿದಳು. "ನಿಂದಲ್ಲವ್ವಾ, ನಿಂದಲ್ಲ" ಎನ್ನುತ್ತ ನಾನೇ ಅತ್ತುಬಿಟ್ಟೆ. ಪಾಠ ಮಾಡುವ ಬಾಯಿಗೆ ಅಳು ಬಂದರೆ ಹುಡುಗಿಯರು ಏನು ಮಾಡಬೇಕು? ಒಬ್ಬಳು ನೀರಿನ ಬಾಟಲಿ ಕೊಟ್ಟಳು. ಅವರಿಗೆ ಎಲ್ಲ ಹೇಳಿದೆ. ನನ್ನ ಬಾಯಿಂದ ಅದು ಹೊರಗೆ ಬಂದದ್ದು ಅದೇ ಮೊದಲು, ಹದಿನೆಂಟು ವರ್ಷದ ಹುಡುಗಿಯರ ಮುಂದೆ.

ಮರುದಿನವೇ ದೇವಣಿಗೆ ಬಂದು ಕಾಕೂ ಮುಂದೆ ಕೂತೆ. ಅವರು ಪೂರ್ತಿ ಕೇಳಿದರು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನನಗ ಹೇಳಿ ಏನ್ ಮಾಡ್ತೀ? ಅವರಿಗಿ ಬೇಕಾಗಿತ್ತು ಇದು" ಅಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಅವರೇ ಮುಂದುವರಿಸಿದರು. "ಅವರು ಕಣ್ಣು ಕೈಕೊಡ್ತಂತ ಅಂಜಿದವರಲ್ಲ ಲೀಲಾ. ಸಾಸ್ತೂರದ ಆ ಮನಿಗಿ ಅಂಜಿದ್ರು. ಉಮರಗಾಕ್ಕ ಹೋಗೋದಿದ್ರೂ ಆ ಹಾದಿ ಹಿಡೀಲಿಲ್ಲ. ಹೋಗಿ ಕೇಳ್ರಿ, ಗೊತ್ತರೆ ಆಗ್ತದ ಅಂತ ನಾ ಅಂದ್ರ, 'ಕೇಳಿದ ಮ್ಯಾಲ ಅಲ್ಲಿ ಮಂದಿ ಇದ್ರು ಅಂದ್ರ ನಾ ಹ್ಯಾಂಗ ಇರ್ಲಿ' ಅಂತಿದ್ರು. ನೀ ಹೋಗಿ ಕೇಳಿಕೊಂಡು ಬಾ. ಏನಿದ್ರೂ ಬಂದು ನನಗ ಹೇಳು." ಏನಿದ್ದರೂ, ಎಂದು ಎರಡು ಸಲ ಹೇಳಿದರು.

ನಾಳೆ ನಾಡಿದ್ದು ಎನ್ನುತ್ತ ದಿನ ತಳ್ಳಿ, ಹೋದ ಗುರುವಾರ ಮಾಕಣಿ ಕಡೆಯ ಜೀಪು ಹಿಡಿದು ಸಾಸ್ತೂರಕ್ಕೆ ಹೋದೆ. ಅಂಜಿಕೆ ಇತ್ತು, ಇಲ್ಲ ಎನ್ನುವುದಿಲ್ಲ. ಅಲ್ಲಿ ಜನ ಇದ್ದರು ಎಂದು ಗೊತ್ತಾದರೆ ಕಾಕೂಗೆ ಏನು ಹೇಳಲಿ? ನಿಮಗೇನು ಬರೆಯಲಿ? ಮೇಲಿಂದ ಮೇಲೆ, ತಿರುಗಿ ಹೋಗಿಬಿಡೋಣ ಅನ್ನಿಸುತ್ತಿತ್ತು. ಈಗಿನ ಊರು ಹೊಸದು, ಸಾಲುಸಾಲು ಮನೆ, ಅಗಲ ರಸ್ತೆ. ಹಳೆಯ ಊರಿನಲ್ಲಿ ಎಣ್ಣೆ ಗಾಣದ ಹಿಂದಿನ ಮನೆ ಯಾರದಿತ್ತು ಎಂದು ಕೇಳುತ್ತ ಹೊರಟರೆ, ನಾಲ್ಕನೆಯವರು ಒಂದು ಪಡಸಾಲೆ ತೋರಿಸಿದರು. ಎಪ್ಪತ್ತು ದಾಟಿದ ಒಬ್ಬ ಆಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು.

"ಗಾಣದ ಹಿಂದಿನ ಮನಿ ನಮ್ಮದೇ. ಯಾಕ ಕೇಳ್ತಿ?" ಅಂದರು. ನಿಮ್ಮ ವಿಷಯ ಹೇಳಿದೆ. ಹತ್ತಿಯ ಎಳೆ, ಅರ್ಧ ತಾಸು, ಎಲ್ಲ. ಅವರು ಮೊರ ಕೆಳಗಿಟ್ಟರು.

"ಎರಡನೇ ದಿನಾನಾ? ಎರಡನೇ ದಿನಕ್ಕ ಅಲ್ಲಿ ಯಾರಿದ್ರವ್ವಾ! ಮೊದಲನೇ ದಿನ ಬೆಳಕ ಹರಿಯೋ ಹೊತ್ತಿಗೇ ನನ್ನ ಅಣ್ಣತಮ್ಮರು ಮಾಕಣಿಯಿಂದ ಟ್ರ್ಯಾಕ್ಟರ್ ತಗೊಂಡು ಬಂದ್ರು. ಕೈಲೇ ಅಗದು ತಗದ್ರು. ನಮ್ಮ ಯಜಮಾನರು ಹೋಗಿಬಿಟ್ಟಿದ್ರು. ಅತ್ತಿ, ನಾ, ನನ್ನ ಮಗ, ಜೀವದ ಸಂಗಟ ಹೊರಗ ಬಂದ್ವಿ. ನಾಲ್ಕೂ ಮಂದಿನ್ನ ಒಂದೇ ಟ್ರ್ಯಾಕ್ಟರದಾಗ ಉಮರಗಾ ದವಾಖಾನಿಗಿ ಒಯ್ದ್ರು. ಆಮ್ಯಾಲ ಮತ್ತ ನಡುಗಿ, ನಿಂತಿದ್ದ ಗ್ವಾಡಿನೂ ಮ್ಯಾಲ ಬಿತ್ತಂತ. ಮನಿ ಖಾಲಿ ಅದ ಅಂತ ಹೇಳ್ಲಿಕ್ಕರೆ ಆಜೂಬಾಜೂ ಯಾರು ಉಳದಿದ್ರು?"

ನಾನು ಮತ್ತೆ ಕೇಳಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ, ನೆಂಟರು, ಆಳು, ಬಾಡಿಗೆಯವರು? "ನಾಲ್ಕೇ ಮಂದಿ. ನನ್ನ ಮನಿ ಮಂದಿ ನನಗ ಗೊತ್ತಿಲ್ಲೇನು?" ಎಂದು ಆಯಿ ಸಿಟ್ಟಾದರು. ಆಮೇಲೆ, "ಅರ್ಧಾ ತಾಸಾ?" ಅಂದರು. "ನಮ್ಮ ಮನಿ ಸಲುವಾಗಿ ಯಾರೋ ಅಷ್ಟೊತ್ತು ಮಕ್ಕೊಂಡು ಕಾಯ್ದಾರಂತ ನಂಗ ಇವತ್ತಿನತನಕ ಗೊತ್ತಿದ್ದಿಲ್ಲ." ಊಟ ಮಾಡದೆ ಹೋಗಗೊಡಲಿಲ್ಲ.

ಅಲ್ಲಿಂದ ನೇರ ದೇವಣಿಗೆ ಹೋಗಿ ಕಾಕೂಗೆ ಹೇಳಿದೆ. ಅವರು ಅದನ್ನು ಮೂರು ಸಲ ಹೇಳಿಸಿದರು. ಉದಗೀರದ ಹಳೆಯ ಕೆಡೆಟ್‌ಗಳೆಲ್ಲ ಬರುವ ತಿಂಗಳು ಕಾಲೇಜಿನಲ್ಲಿ ಸೇರುತ್ತಾರೆ. ಅಲ್ಲಿ ಎದ್ದು ನಿಂತು, ನೀವು ಅಂದು ನನಗಾಗಿ ಎದ್ದು ನಿಂತ ಹಾಗೆ, ಡಬ್ಬಿಯ ಕತೆಯನ್ನು ನಾನೇ ಹೇಳುತ್ತೇನೆ. ಕಾಕೂ ಕೂಡ ಬರುತ್ತೇನೆ ಎಂದಿದ್ದಾರೆ.

ಅದು ಜನರಿಗೆ. ನಿಮಗೆ ಇಷ್ಟೇ, ಉಸ್ತಾದ್. ನಾಲ್ಕು ಜನರ ಮನೆ ಅದು, ನಾಲ್ವರನ್ನೂ ಹಿಂದಿನ ದಿನವೇ ಹೊರಗೆ ತೆಗೆದಿದ್ದರು. ಹತ್ತಿಯ ಎಳೆ ಅಲುಗಲಿಲ್ಲ, ಏಕೆಂದರೆ ಒಳಗೆ ಯಾರೂ ಇರಲಿಲ್ಲ. ನೀವು ಯಾರನ್ನೂ ಬಿಟ್ಟು ಬಂದಿಲ್ಲ.

ನಿಮ್ಮ
ಶಿವಲೀಲಾ